ಕೆಂಚವ್ವ ಹೊಳೆ ದಾಟಿದ ಮೇಲೆ

ಇಪ್ಪತ್ತಾರು ವರ್ಷ ಪಾಠ ಹೇಳಿದ ನಾನು ಒಂದು ದಿನವೂ ಕ್ಲಾಸಿನಲ್ಲಿ ತಡವರಿಸಿದವನಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಹೋಗಲಿ, ಜಂಬಕ್ಕೇ ಹೇಳುತ್ತಿದ್ದೇನೆ ಅಂತಲೇ ಇಟ್ಟುಕೊಳ್ಳಿ. ನಮ್ಮ ಕಾಲೇಜಿನಲ್ಲಿ ಇತಿಹಾಸದ ಭರಮಣ್ಣ ಮೇಷ್ಟ್ರು ಬಂದರು ಎಂದರೆ ಪ್ರಿನ್ಸಿಪಾಲರು ಕೂಡ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾಗುತ್ತಿದ್ದರು. ಲೈಬ್ರರಿಯ ಮಹಡಿಯ ಮೇಲೆ ಹಳೇ ಕಾಗದಪತ್ರಗಳ ಕೋಣೆಯೊಂದಿದೆ. ಬಾಗಿಲ ಮೇಲೆ 'ವಿಶೇಷ ಸಂಗ್ರಹ' ಎಂದು ಬರೆಸಿದ್ದಾರೆ, ಆದರೆ ಎಲ್ಲರ ಬಾಯಲ್ಲೂ ಅದು ಮೇಲಿನ ಕೋಣೆ. ಅದರ ಗೋಡೆಗೆ 'ಬಿಳಿ ಪಟ್ಟಿ' ಎಂಬ ಹಲಗೆಯೊಂದನ್ನು ತೂಗುಹಾಕಿದೆ. ಆ ಹಲಗೆಯಲ್ಲಿ ನನ್ನ ಹೆಸರಿನ ಮುಂದೆ ನಲವತ್ತೊಂದು ಗೀಟುಗಳಿದ್ದವು. ನನ್ನ ನಂತರದವರು ಪ್ರಿನ್ಸಿಪಾಲರೇ, ಅವರಿಗೆ ಹದಿನೇಳು.

ಹೊರಗಿನಿಂದ ಬಂದವರಿಗೆ ಇದನ್ನು ಹೇಳಬೇಕಾಗುತ್ತದೆ. ಮೇಲಿನ ಕೋಣೆಯ ಕಾಗದಗಳು, ತಮ್ಮಲ್ಲಿ ಏನು ಬರೆದಿದೆ ಎಂದು ಯಾರಿಗೆ ಖಾತ್ರಿಯಾಗಿರುತ್ತದೋ ಅವರ ಕಣ್ಣಿಗೆ ಬೆಳ್ಳಗೆ ಕಾಣುತ್ತವೆ. ಪಕ್ಕದಲ್ಲೇ ಕೂತ, ಏನೂ ಅರಿಯದ ಮೊದಲ ವರ್ಷದ ಹುಡುಗಿಗೆ ಅದೇ ಹಾಳೆಯಲ್ಲಿ ಸಾಲುಸಾಲು ಅಕ್ಷರ. ನಮಗೆ ಒಂದು ಚುಕ್ಕೆಯೂ ಇಲ್ಲ. ನಮ್ಮೂರಿನಲ್ಲಿ ಇದಕ್ಕೆ ಯಾರೂ ಬೆರಗಾಗುವುದಿಲ್ಲ. ಕಾಲೇಜು ಶುರುವಾದಾಗಿನಿಂದ ನಮ್ಮ ಓದು, ಬರಹ, ಪಾಠ ಎಲ್ಲವೂ ಇದಕ್ಕೆ ಹೊಂದಿಕೊಂಡೇ ನಡೆದಿವೆ. ಮೇಷ್ಟ್ರೊಬ್ಬರಿಗೆ ಒಂದು ಕಡತ ಬೆಳ್ಳಗಾಯಿತು ಎಂದರೆ ಅವರು ಅದನ್ನು ಅರೆದು ಕುಡಿದಿದ್ದಾರೆ ಎಂದರ್ಥ. ಪಟ್ಟಿಯಲ್ಲಿ ಗೀಟು ಬೀಳುತ್ತದೆ, ಅವತ್ತು ಅವರು ಸ್ಟಾಫ್ ರೂಮಿಗೆಲ್ಲ ಉದ್ದಿನ ವಡೆ, ಕಾಫಿ ಕೊಡಿಸಬೇಕು. ಕನ್ನಡದ ಮೇಡಂ ತಮ್ಮ ಕ್ಲಾಸಿನ ಮಕ್ಕಳನ್ನು ಕರೆತಂದು ಹಳೇ ನಾಟಕ ಕಂಪನಿಯ ಕರಪತ್ರಗಳನ್ನು ಮನಸ್ಸಿನಲ್ಲೇ ಓದಿಕೊಳ್ಳಲು ಹೇಳುತ್ತಿದ್ದರು. ತಮಗೆ ಅವು ಬೆಳ್ಳಗಾಗಿದ್ದರಿಂದ ಎದುರು ನಿಂತು, ಯಾವ ಸಾಲಿನಲ್ಲಿ ಏನಿದೆ ಎಂದು ಬಾಯಿಪಾಠದಿಂದಲೇ ಒಪ್ಪಿಸುತ್ತಿದ್ದರು. ಬೆಳ್ಳಗಾದವರ ಎದುರು ಆ ಹಾಳೆಯನ್ನು ಗಟ್ಟಿಯಾಗಿ ಓದಿ ಹೇಳುವುದು ಮಾತ್ರ ಮರ್ಯಾದೆಯಲ್ಲ. ತಿಳಿದವರಿಗೆ ತಿಳಿಸಲು ಹೊರಟಂತೆ. ಗಣಿತದ ಮೇಷ್ಟ್ರೊಬ್ಬರಿದ್ದರು, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ದಿನಕ್ಕೆರಡು ಸಲ ವಾಪಸ್ ಓಡುತ್ತಿದ್ದ ಮನುಷ್ಯ. ಅವರಿಗೆ ಯಾವ ಹಾಳೆಯೂ ಬೆಳ್ಳಗಾಗಲಿಲ್ಲ. ಒಂದು ಗೀಟೂ ಇಲ್ಲದೆ ನಿವೃತ್ತರಾಗಿ ಊರು ಬಿಟ್ಟು ಹೋದರು. ನಾವು ಅವರನ್ನು ಆಡಿಕೊಂಡು ನಗುತ್ತಿದ್ದೆವು.

ನನ್ನ ನಲವತ್ತೊಂದು ಗೀಟುಗಳಲ್ಲಿ ಮೊದಲನೆಯದು, ನನಗೆ ಹೆಸರು ತಂದದ್ದು, ಪ್ಲೇಗಿನ ವರ್ಷದ ದಿನಚರಿ. ನೂರು ವರ್ಷದ ಹಿಂದೆ ಊರಿಗೆ ಪ್ಲೇಗು ಬಿದ್ದಾಗ ಆಸ್ಪತ್ರೆಯ ಕಂಪೌಂಡರ್ ಶೇಷಾಚಲ ಎಂಬಾತ ಬಿಡುವಾದಾಗಲೆಲ್ಲ ಬರೆದಿಟ್ಟದ್ದು. ಊರಿಗೆ ಊರೇ ಗುಡ್ಡದ ಮೇಲೆ ಗುಡಿಸಲು ಹಾಕಿಕೊಂಡು ಕೂತಿತ್ತು. ಹದಿನೆಂಟು ವರ್ಷದ ಹಿಂದೆ ಆ ದಿನಚರಿಯನ್ನು ಒಂದೊಂದೇ ಹಾಳೆ ಓದುತ್ತಾ ಬಂದೆ. ಒಂಬತ್ತನೇ ದಿನದ ಹಾಳೆಯ ಕೊನೆಯ ಸಾಲು ಹೀಗಿತ್ತು: 'ಸೂಲಗಿತ್ತಿ ಕೆಂಚವ್ವ ಬೆಳಗ್ಗೆ ಗಂಟು ಹೊತ್ತು ಹೊಳೆ ದಾಟಿದಳು.' ಹೊಳೆಯಾಚೆ ಬೇರೆ ಸೀಮೆ, ಅಲ್ಲಿ ಪ್ಲೇಗಿರಲಿಲ್ಲ. ಊರಿಗಿದ್ದ ಒಬ್ಬಳೇ ಸೂಲಗಿತ್ತಿ ಜೀವ ಉಳಿಸಿಕೊಳ್ಳಲು ಓಡಿಹೋಗಿದ್ದಾಳೆ, ಇನ್ನೇನು! ಹಾಗೆಂದುಕೊಂಡೇ ಹಾಳೆ ತಿರುವಿದೆ. ಹಿಂಬದಿ ಪೂರಾ ಬೆಳ್ಳಗಿತ್ತು. ಓದುವ ಮೊದಲೇ ಬೆಳ್ಳಗಾದ ಹಾಳೆ! ನಾನು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ಹಿಂಬದಿಯಲ್ಲಿ ಏನಿದೆಯೋ ಅದು ನನಗೆ ಆಗಲೇ ತಿಳಿದಿದೆ, ಅದಕ್ಕೇ ಬೆಳ್ಳಗಾಗಿದೆ ಎಂದುಕೊಂಡೆ. ಅವತ್ತು ವಡೆಯ ಜೊತೆ ಮೈಸೂರು ಪಾಕನ್ನೂ ಕೊಡಿಸಿದೆ.

ಆಮೇಲೆ ಪುಸ್ತಕ ಬರೆದೆ. ಅದರಲ್ಲಿ 'ಕರ್ತವ್ಯ ತೊರೆದವಳು' ಎಂಬ ಅಧ್ಯಾಯ ಕೆಂಚವ್ವನದು. ಅದನ್ನು ಹೈಸ್ಕೂಲಿನ ಮಕ್ಕಳಿಗೂ ಪಾಠ ಮಾಡಿದರು. ಪ್ರತಿ ಜೂನ್ ತಿಂಗಳಲ್ಲಿ ನನ್ನ ವಿದ್ಯಾರ್ಥಿಗಳು ಆ ಪುಸ್ತಕ ಓದಿಕೊಂಡು ಮೇಲಿನ ಕೋಣೆಗೆ ಬರುತ್ತಿದ್ದರು. ದಿನಚರಿಯ ಆ ಹಾಳೆ ತಿರುವಿದರೆ ಇಡೀ ಕ್ಲಾಸಿಗೆ ಬೆಳ್ಳಗೆ! "ನೋಡಿ, ಓದಿಕೊಂಡು ಬಂದರೆ ಹೀಗಿರುತ್ತೆ" ಎಂದು ನಾನು ಬೆನ್ನು ತಟ್ಟುತ್ತಿದ್ದೆ. ಒಂದೇ ಏಟಿಗೆ ಅರವತ್ತು ಮಕ್ಕಳಿಗೆ ಹಾಳೆ ಬೆಳ್ಳಗೆ ಮಾಡಿಸುವ ಮೇಷ್ಟ್ರು ಇನ್ನೊಬ್ಬರಿರಲಿಲ್ಲ.

ಪ್ರತಿ ವರ್ಷ ಆ ದಿನಚರಿಯ ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಡುತ್ತಿದ್ದವಳು ಗಿರಿಯಮ್ಮ. ಮೇಲಿನ ಕೋಣೆಯ ಅಟೆಂಡರ್. ಐವತ್ತು ದಾಟಿದ ಹೆಂಗಸು, ಯಾವ ಕಟ್ಟು ಯಾವ ಗೂಡಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವವಳು, ಕಾಗದಕ್ಕೆ ಹುಳ ಬೀಳದಂತೆ ಬಜೆಬೇರು ಕಟ್ಟಿಡುವವಳು. ಕೆಂಚವ್ವ ಅವಳ ಮುತ್ತಜ್ಜಿ. ಊರಿನಲ್ಲಿ ಅವರ ಮನೆಗೆ ಓಡಿಹೋದವಳ ಮನೆ ಎಂದೇ ಹೆಸರು. ತೊಟ್ಟಿಲಿಗೆ ಮಗು ಹಾಕುವ ಶಾಸ್ತ್ರಕ್ಕೆ ಆ ಮನೆಯ ಹೆಂಗಸರನ್ನು ಯಾರೂ ಕರೆಯುವುದಿಲ್ಲ. ನನ್ನ ಪುಸ್ತಕ ಬರುವ ಮುಂಚೆ ಆ ಮಾತು ಹೆಚ್ಚುಕಡಿಮೆ ಮರೆತೇಹೋಗಿತ್ತಂತೆ, ನಾಲ್ಕು ಜನ ಕರೆಯತೊಡಗಿದ್ದರಂತೆ. ಪುಸ್ತಕ ಬಂದ ಮೇಲೆ ಮತ್ತೆ ನಿಂತುಹೋಯಿತು. ಇದನ್ನು ಅವಳು ನನ್ನ ಹತ್ತಿರ ದೂರಿದವಳಲ್ಲ. ಪಾಠದ ಹೊತ್ತಿನಲ್ಲಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ತಲೆ ಬಗ್ಗಿಸಿ ಕೇಳುತ್ತಿದ್ದಳು. ಅವಳಿಗೂ ಆ ಹಾಳೆ ಬೆಳ್ಳಗೇ ಕಾಣುತ್ತಿತ್ತು. ಯಾಕೆ ಕಾಣಬಾರದು? ಭರಮಣ್ಣ ಮೇಷ್ಟ್ರು ಹೇಳಿದ್ದಾರಲ್ಲ.

ಈ ವರ್ಷ ಪ್ಲೇಗಿಗೆ ನೂರು ತುಂಬಿತು. ಆ ಕಷ್ಟಕಾಲದಲ್ಲಿ ಊರಿಗೆ ಆಸರೆಯಾಗಿ ನಿಂತವರ ಹೆಸರುಗಳನ್ನು ಒಂದು ಕಲ್ಲಿನ ಮೇಲೆ ಕೆತ್ತಿಸಿ ಕೆರೆ ಏರಿಯ ಮೇಲೆ ನಿಲ್ಲಿಸಬೇಕೆಂದು ಊರಿನವರು ತೀರ್ಮಾನಿಸಿದರು. ಹೆಸರುಗಳ ಪಟ್ಟಿ ಕೊಡುವ ಕೆಲಸ ನನ್ನದು, ಬೇರೆ ಯಾರದ್ದಾಗಲು ಸಾಧ್ಯ? ಹದಿನಾಲ್ಕು ಹೆಸರು ಬರೆದೆ. ಶನಿವಾರ ಮಧ್ಯಾಹ್ನದೊಳಗೆ ಅದರ ಅಂತಿಮ ಪ್ರತಿ ಕಲ್ಲು ಕೆತ್ತುವ ದುರ್ಗಪ್ಪನ ಕೈ ಸೇರಬೇಕಿತ್ತು. ಆ ವಾರ ಗಿರಿಯಮ್ಮ ಪೆಟ್ಟಿಗೆ ಎತ್ತಿಡುತ್ತಾ ಒಂದೇ ಒಂದು ಮಾತು ಕೇಳಿದಳು.

"ಸಾರ್, ಆ ಕಲ್ಲಲ್ಲಿ ನಮ್ಮ ಕೆಂಚವ್ವನ ಹೆಸರು ಬರೋ ಹಾಗಿಲ್ಲ, ಅಲ್ವಾ?"

"ಹೇಗೆ ಬರುತ್ತಮ್ಮ? ನಿಂತವರ ಹೆಸರು ಹಾಕೋ ಕಲ್ಲು ಅದು."

"ಸರಿ ಬಿಡಿ ಸಾರ್. ನನ್ನ ಮಗಳು ಕೇಳು ಅಂದ್ಲು, ಅದಕ್ಕೆ ಕೇಳ್ದೆ. ಅವಳಿಗೀಗ ಏಳು ತಿಂಗಳು."

ಅವಳು ಹೋದಮೇಲೆ ನನಗೆ ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಹುಟ್ಟುವ ಮಗುವಿನ ತೊಟ್ಟಿಲಿಗೆ ನಾಲ್ಕು ಜನ ಬರಲಿ ಎಂಬ ಆಸೆ. ಆದರೆ ಚರಿತ್ರೆಗೆ ಕನಿಕರ ಸಲ್ಲದು ಎಂದು ನನಗೆ ನಾನೇ ಹೇಳಿಕೊಂಡು ಕಾಫಿ ಕುಡಿಯಲು ಹೋದೆ.

ಗುರುವಾರ ಬೆಳಗ್ಗೆ ಸ್ಟಾಫ್ ರೂಮಿಗೆ ತಬಸ್ಸುಮ್ ಬಂದಳು. ಸಸ್ಯಶಾಸ್ತ್ರಕ್ಕೆ ಹೊಸದಾಗಿ ಸೇರಿದ ಲೆಕ್ಚರರ್, ಬೇರೆ ಊರಿನವಳು, ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಹಳೇ ಕಾಲದವರು ಯಾವ ಕಾಯಿಲೆಗೆ ಯಾವ ಗಿಡ ಬಳಸುತ್ತಿದ್ದರು ಎಂದು ಮೇಲಿನ ಕೋಣೆಯ ಕಡತಗಳನ್ನೆಲ್ಲ ಜಾಲಾಡುತ್ತಿದ್ದಳು. ಇನ್ನು ಹತ್ತು ದಿನಕ್ಕೆ ತನ್ನ ವಿದ್ಯಾರ್ಥಿಗಳನ್ನೂ ಕರೆತರುವ ಯೋಚನೆ ಅವಳದು.

"ಸರ್, ಒಂದು ಸಣ್ಣ ವಿಷಯ. ಪ್ಲೇಗ್ ದಿನಚರಿಯಲ್ಲಿ ಕೆಂಚವ್ವ ಅಂತ ಒಬ್ಬರು ಬರ್ತಾರಲ್ಲ, ಅವರು ಯಾರು?"

ಕೇಳಿದ್ದು ಯಾರನ್ನು! ನಾನು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡು ಇಪ್ಪತ್ತು ನಿಮಿಷ ಹೇಳಿದೆ. ಸೂಲಗಿತ್ತಿ, ಒಂಬತ್ತನೇ ದಿನ, ಗಂಟು, ಹೊಳೆ, ಕರ್ತವ್ಯ. ಅವಳು ಕಣ್ಣರಳಿಸಿ ಕೇಳಿದಳು.

"ಓ, ಓಡಿಹೋದವರಾ! ನನಗೆ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್ ಸರ್" ಎಂದು ಮೇಲಕ್ಕೆ ಹೋದಳು. ಹತ್ತೇ ನಿಮಿಷಕ್ಕೆ ಮೆಟ್ಟಿಲು ಹಾರಿಕೊಂಡು ಇಳಿದು ಬಂದಳು. "ಸರ್! ನಂಗೂ ಬಿಳಿ ಆಗೋಯ್ತು! ಬೆಳಗ್ಗೆ ಅಷ್ಟು ಅಕ್ಷರ ಇತ್ತು, ಈಗ ಹೋಗಿ ನೋಡಿದ್ರೆ ಏನೂ ಇಲ್ಲ!"

"ಭಲೇ! ಒಂದು ತಿಂಗಳೂ ಆಗಿಲ್ಲ, ಆಗಲೇ ಮೊದಲ ಗೀಟು!" ಎಂದೆ. ಕ್ಯಾಂಟೀನಿಗೆ ಹೇಳಿಕಳಿಸಿದೆ, ವಡೆ ಬಂತು. ಎಲ್ಲರೂ ಅವಳಿಗೆ ಶುಭಾಶಯ ಹೇಳಿದರು. ಅವಳು ನಾಚಿಕೊಂಡು ತನ್ನ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಕಾಫಿ ಲೋಟ ಹಿಡಿದಳು. ನೋಟ್‌ಬುಕ್ ತೆರೆದೇ ಇತ್ತು. ಗಿಡದ ಹೆಸರು ಬರುವ ಸಾಲುಗಳನ್ನಷ್ಟೇ ಚಂದದ ಅಕ್ಷರದಲ್ಲಿ ನಕಲು ಮಾಡಿಕೊಂಡಿದ್ದಳು. ನಾನು ವಡೆ ಮುರಿಯುತ್ತಾ ಸುಮ್ಮನೆ ಕಣ್ಣಾಡಿಸಿದೆ.

'ಇಪ್ಪತ್ತಮೂರನೇ ದಿನ. ಕೆಂಚವ್ವ ಆಚೆ ದಡದಿಂದ ಲಕ್ಕಿ ಸೊಪ್ಪು ಕೇಳಿದಳು.'

ವಡೆ ಕೈಯಲ್ಲೇ ಉಳಿಯಿತು. ಒಂಬತ್ತನೇ ದಿನ ಓಡಿಹೋದವಳು ಇಪ್ಪತ್ತಮೂರನೇ ದಿನ ದಡದಲ್ಲಿ ನಿಂತು ಸೊಪ್ಪು ಕೇಳುವುದೆಂದರೇನು?

"ಈ ಸಾಲು ಎಲ್ಲಿಯದಮ್ಮ?"

"ಅದೇ ಹಾಳೆ ಹಿಂಬದಿ ಸರ್. ನೀವು ಹೇಳಿದ್ರಲ್ಲ, ಅದೇ."

"ಅದರ ಹಿಂದೆ ಮುಂದೆ ಏನಿತ್ತು? ನೆನಪು ಮಾಡಿಕೊ."

"ಗಿಡದ ಹೆಸರು ಇರೋದು ಅದೊಂದೇ ಸಾಲು ಸರ್, ಬೇರೆ ಓದಲಿಲ್ಲ. ಯಾಕೆ ಸರ್, ನಿಮಗೆ ಅದು ಪೂರ್ತಿ ಗೊತ್ತಲ್ಲ?"

ಹದಿನೆಂಟು ವರ್ಷಗಳಲ್ಲಿ ಆ ಹಾಳೆಯನ್ನು ಅಕ್ಷರದೊಂದಿಗೆ ನೋಡಿದವಳು ಅವಳೊಬ್ಬಳೇ. ಅವಳನ್ನೂ ನಾನು ಇಪ್ಪತ್ತು ನಿಮಿಷದಲ್ಲಿ ಕುರುಡಾಗಿಸಿ, ಮೇಲೆ ವಡೆ ಬೇರೆ ತಿನ್ನಿಸುತ್ತಿದ್ದೆ.

ಮೇಲಿನ ಕೋಣೆಗೆ ಓಡಿದೆ. ಗಿರಿಯಮ್ಮ ಪೆಟ್ಟಿಗೆ ತಂದಿಟ್ಟಳು. ಹಾಳೆ ತಿರುವಿದರೆ ಬೆಳ್ಳಗೆ. ಈಗ ನನಗೆ ಖಾತ್ರಿ ಇಲ್ಲವಲ್ಲ, ಅಕ್ಷರ ಬರಬೇಕಿತ್ತಲ್ಲ ಎಂದು ದಿಟ್ಟಿಸಿದೆ. ಬರಲಿಲ್ಲ. ಯಾಕೆಂದರೆ ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ತಲೆ ಇನ್ನೊಂದು ಉತ್ತರ ಕಟ್ಟಿ ಮುಗಿಸಿತ್ತು: ಓಡಿಹೋದವಳಿಗೆ ಆಚೆ ಸೀಮೆಯಲ್ಲಿ ಜ್ವರ ಬಂದಿದೆ, ಔಷಧಿಗೆ ಬಂದು ಅಂಗಲಾಚಿದ್ದಾಳೆ, ಸರಿಯಾಗೇ ಇದೆ. ಅದನ್ನು ಕಿತ್ತು ಹಾಕಿದೆ. ಕೂಡಲೇ ಇನ್ನೊಂದು ಹುಟ್ಟಿತು: ಅದು ಬೇರೆ ಕೆಂಚವ್ವ. ಅದನ್ನೂ ಕಿತ್ತೆ, ಮತ್ತೊಂದು. ನನ್ನ ತಲೆ ಒಂದು ಗಳಿಗೆಯೂ ಖಾಲಿ ಕೂರಲೊಲ್ಲದು, ಏನು ಮಾಡಲಿ! ಇಪ್ಪತ್ತಾರು ವರ್ಷದ ಅಭ್ಯಾಸ. ಸಂಜೆ ಬಾಗಿಲು ಹಾಕುವವರೆಗೂ ಕೂತಿದ್ದೆ.

"ಏನ್ ಸಾರ್, ಬೆಳ್ಳಗಿರೋ ಹಾಳೇನ ಅಷ್ಟೊತ್ತಿಂದ ನೋಡ್ತಿದೀರಾ" ಎಂದಳು ಗಿರಿಯಮ್ಮ.

ಮನೆಗೆ ಹೋದರೂ ಊಟ ಸೇರಲಿಲ್ಲ. ಊರಿನವರೆಲ್ಲ ನನ್ನ ಪುಸ್ತಕ ಓದಿದವರೇ, ಯಾರಿಗೆ ತೋರಿಸಿದರೂ ಬೆಳ್ಳಗೇ. ಹೊರಗಿನವರನ್ನು ಕರೆತರೋಣವೆಂದರೆ ಕಾಲೇಜಿನವರಲ್ಲದವರಿಗೆ ಮೇಲಿನ ಕೋಣೆಗೆ ಪ್ರವೇಶವಿಲ್ಲ, ಅರ್ಜಿ ಹಾಕಿದರೆ ಹದಿನೈದು ದಿನ. ಕಲ್ಲಿಗೆ ಉಳಿದಿದ್ದದ್ದು ಎರಡು ದಿನ. ಒಮ್ಮೆ ಕೆತ್ತಿದ ಮೇಲೆ ಮುಗಿಯಿತು, ಇನ್ನು ನೂರು ವರ್ಷ ಆ ಏರಿಯ ಮೇಲೆ ಓಡಾಡುವ ಪ್ರತಿಯೊಬ್ಬರೂ ಕೆಂಚವ್ವನ ಹೆಸರಿಲ್ಲದ ಕಲ್ಲನ್ನೇ ಓದುತ್ತಾರೆ. ಹಾಗೆಂದು ಒಂದು ಸಾಲಿನ ಸೊಪ್ಪನ್ನು ನಂಬಿಕೊಂಡು ಹೆಸರು ಸೇರಿಸಲು ನನಗೆ ಮನಸ್ಸೂ ಬಾರದು.

ಶುಕ್ರವಾರ ಬೆಳಗ್ಗೆ ಕೋಣೆ ತೆರೆಯುವ ಹೊತ್ತಿಗೇ ಹೋಗಿ ನಿಂತೆ. ಗಿರಿಯಮ್ಮನಿಗಾದರೂ ಅಕ್ಷರ ಕಾಣಿಸಿದರೆ ಸಾಕು ಎಂಬುದು ನನ್ನ ಲೆಕ್ಕಾಚಾರ. ಅವಳನ್ನು ಕೂರಿಸಿ, ತಬಸ್ಸುಮ್ ಬರೆದುಕೊಂಡ ಸಾಲನ್ನು ಒಂದು ಚೀಟಿಯ ಮೇಲೆ ಬರೆದಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದೆ.

"ಗಿರಿಯಮ್ಮ, ನಾನು ಇಷ್ಟು ದಿನ ಹೇಳಿದ್ದು ತಪ್ಪು. ನಿಮ್ಮ ಕೆಂಚವ್ವ ಓಡಿಹೋಗಿಲ್ಲ."

ಅವಳ ಮುಖ ಹೇಗರಳಿತು ಅಂತೀರಿ! "ನಿಜವಾ ಸಾರ್? ನೀವು ಹೇಳಿದ್ರೆ ಮುಗೀತು ಬಿಡಿ. ಮಗಳಿಗೆ ಈಗಲೇ ಫೋನ್ ಮಾಡ್ತೀನಿ."

"ತಾಳಮ್ಮ. ಮೊದಲು ಈ ಹಾಳೆ ನೋಡು. ಏನಾದರೂ ಕಾಣುತ್ತಾ?"

"ಬೆಳ್ಳಗಿದೆ ಸಾರ್. ನೀವು ಹೇಳಿಬಿಟ್ರಲ್ಲ, ಇನ್ನು ಕಾಣೋದೇನು?"

ಹಣೆ ಚಚ್ಚಿಕೊಂಡೆ. ನಾನು ಓಡಿಹೋದಳು ಎಂದರೂ ನಂಬುತ್ತಾಳೆ, ಓಡಿಹೋಗಿಲ್ಲ ಎಂದರೂ ನಂಬುತ್ತಾಳೆ! ಅವಳಾಗಲೇ ಫೋನು ಕೈಗೆತ್ತಿಕೊಂಡಿದ್ದಳು. ಏಳು ತಿಂಗಳ ಬಸುರಿ ಮಗಳಿಗೆ, ನಾನು ಕಣ್ಣಾರೆ ಓದದ ಒಂದು ಮಾತನ್ನು ಅವಳು ಹಬ್ಬದಂತೆ ಹೇಳಲಿದ್ದಳು. ನಾಳೆ ಅದು ಸುಳ್ಳಾದರೆ? ಒಂದು ಸಲ ಆ ಮನೆಯನ್ನು ನನ್ನ ಮಾತಿನಿಂದ ಕೆಡಿಸಿದ್ದು ಸಾಲದೇ?

"ಫೋನ್ ಮಾಡಬೇಡ" ಎಂದೆ. "ಅದೂ ನನಗೆ ಗೊತ್ತಿಲ್ಲ ಗಿರಿಯಮ್ಮ. ಓಡಿಹೋದಳೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಹಿಂಬದಿಯನ್ನು ನಾನು ಯಾವತ್ತೂ ಓದಿಲ್ಲ. ತಿರುವಿದಾಗಲೇ ಬೆಳ್ಳಗಿತ್ತು. ನಾನಂದುಕೊಂಡಿದ್ದೇ ಅದರಲ್ಲಿದೆ ಅಂದುಕೊಂಡೆ."

ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಆಮೇಲೆ ಹೇಳಿದ ಮಾತಿನ ದನಿಯನ್ನು ನಾನು ಅವಳಲ್ಲಿ ಹಿಂದೆ ಕೇಳಿರಲಿಲ್ಲ.

"ಓದೇ ಇಲ್ವಾ?"

"ಇಲ್ಲ."

"ಓದ್ದೇನೇ ಹದಿನೆಂಟು ವರ್ಷ ಹೇಳಿದ್ರಾ? ಅರವತ್ತು ಮಕ್ಕಳ ಮುಂದೆ, ನಾನಿಲ್ಲೇ ಕೂತಿರೋವಾಗ? ಸ್ಟೂಲ್ ಮೇಲೆ ಕೂತು ಕೇಳಿ ಕೇಳಿ ನನ್ನ ಕುತ್ತಿಗೆ ಬಗ್ಗೋಯ್ತಲ್ರೀ ಮೇಷ್ಟ್ರೇ! ಒಂದು ದಿನ, ಒಂದೇ ಒಂದು ದಿನ ಇದು ನಾನಂದ್ಕೊಂಡಿದ್ದು ಕಣಮ್ಮ ಅಂತ ಅನ್ನೋಕೆ ಬಾಯಿ ಬರಲಿಲ್ವಾ ನಿಮಗೆ?"

ಸಾರ್ ಹೋಗಿ ಮೇಷ್ಟ್ರೇ ಆಗಿತ್ತು. ನಾನು ಬೈಸಿಕೊಂಡೆ. ಬೈಸಿಕೊಳ್ಳುವುದು ಬಿಟ್ಟು ಬೇರೆ ಯೋಗ್ಯತೆ ನನಗೆ ಆಗ ಇರಲಿಲ್ಲ, ಮತ್ತು ನನ್ನ ತಲೆಯಲ್ಲಿ ಮೊದಲ ಬಾರಿಗೆ ಯಾವ ಉತ್ತರವೂ ಇರಲಿಲ್ಲ. ಅವಳು ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಮೇಜಿನ ಮೇಲಿದ್ದ ಚೀಟಿ ಎತ್ತಿಕೊಂಡಳು.

"ಇದೇನಿದು? ಲಕ್ಕಿ ಸೊಪ್ಪು?"

"ಇಪ್ಪತ್ತಮೂರನೇ ದಿನ ಆಚೆ ದಡದಿಂದ ಕೇಳಿದಳಂತೆ. ಜ್ವರಕ್ಕಿರಬೇಕು ಅಂತ..."

"ನೀವು ಸುಮ್ನಿರಿ" ಎಂದಳು. "ಲಕ್ಕಿ ಸೊಪ್ಪು ಯಾತಕ್ಕೆ ಅಂತ ನನಗೆ ಗೊತ್ತು. ನನ್ನ ಎರಡು ಹೆರಿಗೆಗೂ ಅಮ್ಮ ಹಂಡೆ ತುಂಬ ಕುದಿಸಿ ಎರೆದಿದ್ದು ಅದನ್ನೇ. ಬಾಣಂತಿ ನೀರಿಗೆ ಹಾಕೋ ಸೊಪ್ಪು ಅದು. ಸೂಲಗಿತ್ತಿ ಅದನ್ನ ಕೇಳಿದ್ಲು ಅಂದ್ರೆ..." ಅವಳು ನಿಂತಳು. ಹುಬ್ಬು ಗಂಟಿಕ್ಕಿತು. "ಆಚೆ ದಡದಲ್ಲಿ ಬಾಣಂತಿ ಯಾರಿದ್ರು?"

ಕೇಳಿದ್ದು ನನ್ನನ್ನಲ್ಲ, ಹಾಳೆಯನ್ನು. ಬಗ್ಗಿ ನೋಡಿದಳು. ಆಮೇಲೆ ಉಸಿರೆಳೆದುಕೊಂಡು ಎರಡು ಕೈಯಲ್ಲೂ ಮೇಜಿನ ಅಂಚು ಹಿಡಿದಳು.

"ಬಂತು" ಎಂದಳು. "ಅಯ್ಯೋ ದೇವರೇ, ಬಂತು. ಸಣ್ಣ ಅಕ್ಷರ. ಇಲ್ಲೆಲ್ಲಾ ಇದೆ."

ನನಗೂ ಕಂಡಿತು. ಹಾಳೆಯ ಮೂಲೆಯಿಂದ ಮೊದಲು ಮಾಸಲು, ಆಮೇಲೆ ಕಡುಗಪ್ಪು. ಶೇಷಾಚಲ ಕಂಪೌಂಡರನ ಇಕ್ಕಟ್ಟಾದ ಅಕ್ಷರ. ಹಾಳೆಯನ್ನು ಅವಳ ಕಡೆಗೆ ಸರಿಸಿದೆ. ಅವಳು ಬೆರಳಿಟ್ಟು, ಒಂದೊಂದೇ ಪದ ಕೂಡಿಸಿಕೊಂಡು ಗಟ್ಟಿಯಾಗಿ ಓದಿದಳು.

'ಹತ್ತನೇ ದಿನ. ಕೆರೆ ಕಟ್ಟೆಯ ಕೆಲಸಕ್ಕೆ ಬಂದಿದ್ದ ಪರಸ್ಥಳದ ಹೆಂಗಸರಲ್ಲಿ ಐದು ಜನ ಬಸುರಿಯರಿಗೆ ಜ್ವರ. ಗುಡ್ಡದ ಮೇಲೆ ಜಾಗ ಕೊಡಲು ಊರು ಒಪ್ಪಲಿಲ್ಲ. ಹೊಳೆಯಾಚೆಯ ಪಾಳು ಛತ್ರದಲ್ಲಿ ಬಿಟ್ಟು ಬಂದೆ. ನಿನ್ನೆ ಅವರಿಗಾಗಿ ಮುಂಚೆಯೇ ದಾಟಿದವಳು ಕೆಂಚವ್ವ ಒಬ್ಬಳೇ. ಇಪ್ಪತ್ತಮೂರನೇ ದಿನ. ಕೆಂಚವ್ವ ಆಚೆ ದಡದಿಂದ ಲಕ್ಕಿ ಸೊಪ್ಪು ಕೇಳಿದಳು. ಹರಿಗೋಲಿನಲ್ಲಿಟ್ಟು ಹಗ್ಗ ಬಿಟ್ಟೆ. ಮೂರು ಹೆರಿಗೆ ಆಯಿತು, ಎರಡು ಕೂಸು ಉಳಿದವು ಎಂದು ಕೂಗಿದಳು. ನೀನು ಇಲ್ಲಿರುವುದನ್ನು ಊರಿಗೆ ಹೇಳಲೇ ಎಂದೆ. ಅವಳು: ಬೇಡ, ನನಗೂ ಕಂಕುಳಲ್ಲಿ ಗೆಡ್ಡೆ ಎದ್ದಿದೆ, ನಾನಿಲ್ಲಿರುವುದು ಗೊತ್ತಾದರೆ ನನ್ನ ಮಗಳು ಮುದ್ದಿ ಈಜಿಕೊಂಡಾದರೂ ಬರುತ್ತಾಳೆ, ಬಂದರೆ ಸಾಯುತ್ತಾಳೆ. ನಿಮ್ಮವ್ವ ನಿನ್ನ ಬಿಟ್ಟು ಓಡಿಹೋದಳು ಅಂತ ಹೇಳು. ಸಿಟ್ಟು ಬಂದರೆ ಅಲ್ಲೇ ಇರುತ್ತಾಳೆ ಎಂದಳು. ಹಾಗೆಯೇ ಹೇಳಿದೆ. ಹುಡುಗಿ ಅಳಲಿಲ್ಲ, ತಾಯಿಯನ್ನು ಬಾಯಿಗೆ ಬಂದಂತೆ ಬೈದಳು. ಮೂವತ್ತೊಂದನೇ ದಿನ. ಆಚೆಯಿಂದ ಕೂಗಿಲ್ಲ.'

ಅಲ್ಲಿಗೆ ಹಾಳೆ ಮುಗಿದಿತ್ತು. ಗಿರಿಯಮ್ಮನ ಬೆರಳು ಕೊನೆಯ ಪದದ ಮೇಲೆಯೇ ಇತ್ತು. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಎಚ್ಚರವೂ ಇರಲಿಲ್ಲ.

"ಮುದ್ದಿ ಅಂದ್ರೆ ನಮ್ಮಜ್ಜಿ, ಮುದ್ದಮ್ಮ" ಎಂದಳು ಅವಳು. "ಆಗ ಹದಿನಾಲ್ಕು ವರ್ಷ ಅವಳಿಗೆ. ಎಂಬತ್ತೈದು ಬದುಕಿದ್ಲು. ಸಾಯೋ ದಿನಾನೂ ಬೈದ್ಲು ಮೇಷ್ಟ್ರೇ. ಅವ್ವ ಅಂತ ಒಂದು ದಿನ ಕರೀಲಿಲ್ಲ, ಆ ಮುಂಡೆ ಅಂತಲೇ ಅಂತಿದ್ಲು. ಎಡೆ ಇಡೋಕೆ ಬಿಡಲಿಲ್ಲ, ಹೆಸರು ಎತ್ತೋಕೆ ಬಿಡಲಿಲ್ಲ." ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅತ್ತು, ಮೂಗು ಒರೆಸಿಕೊಂಡು, "ಅದೇ ಅವಳಿಗೆ ಬೇಕಾಗಿತ್ತಲ್ಲ" ಎಂದಳು. "ಬೈಕೊಂಡಾದ್ರೂ ಬದುಕಲಿ ಅಂತ.  ಬದುಕಿದ್ಲು. ಅವಳು ಬದುಕಿದ್ದಕ್ಕೆ ನಾನಿದೀನಿ."

"ಗಿರಿಯಮ್ಮ, ನನ್ನನ್ನು ಕ್ಷಮಿಸು" ಎಂದೆ.

"ಅದನ್ನ ಆಮೇಲೆ ನೋಡೋಣ. ಮೊದಲು ಇದನ್ನ ಬರ್ಕೊಳ್ಳಿ. ಮತ್ತೆ ಬೆಳ್ಳಗಾಗಿಬಿಟ್ರೆ ಏನ್ ಮಾಡ್ತೀರಾ?"

ಹೌದಲ್ಲ! ಅವಳು ಇನ್ನೊಮ್ಮೆ ಓದುತ್ತಾ ಹೋದಳು, ನಾನು ಹುಡುಗನಂತೆ ಕೂತು ಬರೆದುಕೊಂಡೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮೇಲಿನ ಸಾಲುಗಳು ನನಗೆ ಮಸುಕಾಗತೊಡಗಿದ್ದವು. ಅವಳಿಗೆ ಮಾತ್ರ ಹಾಗೇ ಇದ್ದವು. ಯಾಕೆಂದು ನಾನು ಕೇಳಲಿಲ್ಲ, ಅಂದಾಜು ಮಾಡುವ ಚಟವನ್ನು ಅವತ್ತಿಗಾದರೂ ಬಿಗಿಹಿಡಿದಿದ್ದೆ. ಆಮೇಲೆ ಪ್ರಿನ್ಸಿಪಾಲರ ಎದುರು ಕೂತು ಎಲ್ಲ ಹೇಳಿದೆ. ಅವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. "ಹಾಗಾದರೆ ಭರಮಣ್ಣನವರೇ, ನಿಮ್ಮ ಉಳಿದ ನಲವತ್ತು?" ಎಂದರು. "ನನ್ನದು ನಲವತ್ತು ಸರಿ, ನಿಮ್ಮದು ಹದಿನೇಳು" ಎಂದೆ. ಅವರ ಬಣ್ಣ ಇಳಿಯಿತು. ಬಿಳಿ ಪಟ್ಟಿಯನ್ನು ಅವತ್ತೇ ಇಳಿಸಿದೆವು. ಈಗ ನಾನು ಪುಸ್ತಕ ಓದಿಸುವ ಮುಂಚೆಯೇ ಮಕ್ಕಳನ್ನು ಮೇಲಿನ ಕೋಣೆಗೆ ಕರೆದೊಯ್ಯುತ್ತೇನೆ, ಅವರು ಗಟ್ಟಿಯಾಗಿ ಓದುತ್ತಾರೆ, ನಾನು ಕೇಳುತ್ತೇನೆ. ತಬಸ್ಸುಮ್ ಸಸ್ಯಶಾಸ್ತ್ರದವರನ್ನು ಕರೆತಂದಾಗಲೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ನಲವತ್ತರಲ್ಲಿ ಈವರೆಗೆ ಒಂಬತ್ತನ್ನು ಮತ್ತೆ ಓದಿದ್ದೇವೆ. ಆರು ಸರಿಯಾಗೇ ಇದ್ದವು, ಅಷ್ಟೇನೂ ಕೆಟ್ಟ ಮೇಷ್ಟ್ರಲ್ಲ ನಾನು.

ಹಾಳೆ ಓದಿದ ಮರುದಿನ, ಶನಿವಾರ ಬೆಳಗ್ಗೆ, ಗಿರಿಯಮ್ಮನೂ ನಾನೂ ದುರ್ಗಪ್ಪನ ಕೆಲಸದ ಜಾಗಕ್ಕೆ ಹೋದೆವು. ಕಲ್ಲು ನುಣುಪಾಗಿ ಮಲಗಿತ್ತು. ನಾನು ಮೊದಲೇ ಕಳಿಸಿದ್ದ ಕರಡು ನೋಡಿ, ಅಳತೆ ಸರಿಯಾಗಲೆಂದು ಅವನು ಹದಿನಾಲ್ಕು ಹೆಸರುಗಳನ್ನೂ ಸುಣ್ಣದಲ್ಲಿ ಬರೆದು ಇಟ್ಟಿದ್ದ, ಉಳಿ ಇಡುವುದಷ್ಟೇ ಬಾಕಿ. ಒಬ್ಬೊಬ್ಬರ ಹೆಸರಿನ ಮುಂದೆ ಅವರವರ ಕಸುಬು: ಕಂಪೌಂಡರ್, ಪಟೇಲ, ದಿನಸಿ ವ್ಯಾಪಾರಿ. ನಾನು ಹದಿನೈದನೆಯದನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೆ: 'ಕೆಂಚವ್ವ, ಸೂಲಗಿತ್ತಿ.' ಗಿರಿಯಮ್ಮ ಚೀಟಿ ಇಸಿದುಕೊಂಡು ಓದಿದಳು, ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡು ಅದನ್ನು ಹೊಡೆದುಹಾಕಿದಳು, ಕೆಳಗೆ ದಪ್ಪಕ್ಷರದಲ್ಲಿ ಬರೆದು ದುರ್ಗಪ್ಪನಿಗೆ ಕೊಟ್ಟಳು.

'ಮುದ್ದಮ್ಮನ ತಾಯಿ ಕೆಂಚವ್ವ.'

ದುರ್ಗಪ್ಪ ಚೀಟಿ ನೋಡಿದ, ಕಲ್ಲು ನೋಡಿದ, ಕೆಳಗೆ ಉಳಿದಿದ್ದ ಜಾಗಕ್ಕೆ ಗೇಣು ಹಾಕಿದ. "ಇಲ್ಲಿ ಸಾಲಲ್ಲ ಕಣಮ್ಮ, ಉದ್ದ ಆಯ್ತು. ಕೆಂಚವ್ವ ಅಂತಷ್ಟೇ ಹಾಕಲಾ?"

"ಬೇಡ. ಬರೆದಿರೋದು ಪೂರ್ತಿ ಬೇಕು. ಉಳಿದೋರದ್ದು ಚಿಕ್ಕದು ಮಾಡು."

ಅವನು ತಬ್ಬಿಬ್ಬಾಗಿ ನನ್ನ ಮುಖ ನೋಡಿದ. ಪಟ್ಟಿ ಕೊಡುವವನು ನಾನಲ್ಲವೇ.

"ಅವರನ್ನೇನ್ ನೋಡ್ತೀಯಪ್ಪಾ" ಎಂದಳು ಗಿರಿಯಮ್ಮ. "ಹೇಳ್ತಿರೋಳು ನಾನು."

ದುರ್ಗಪ್ಪ ಬಟ್ಟೆ ಒದ್ದೆ ಮಾಡಿಕೊಂಡು ಬಂದು, ಹದಿನಾಲ್ಕು ಹೆಸರುಗಳನ್ನೂ ಒರೆಸಿ, ಮೊದಲಿನಿಂದ ಬರೆಯಲು ಕೂತ.